ಗುಡಾಣಕ್ಕೆ ಎರಡು

ನದಿಯಾಚೆ ಯಾಂಗೋನ್, ರಾತ್ರಿಯಿಡೀ ದೀಪ.
ಈಚೆ ಡಾಲಾದಲ್ಲಿ ನಾವು
ಬೇಸಗೆಯಲ್ಲಿ ತಾವರೆಕೆರೆಯ ಮುಂದೆ ಸರದಿ ನಿಲ್ಲುವವರು,
ಮಳೆ ಬಂದರೆ ಸೂರಿನ ನೀರು ಹಿಡಿದು
ಗುಡಾಣ ತುಂಬಿಡುವವರು.
ಮುಚ್ಚಳ ಬೆರಳಗಲ ಸರಿದರೆ ಸಾಕು,
ಪಟ್ಟೆಕಾಲಿನ ಸೊಳ್ಳೆ ಅಲ್ಲಿ ಸಂಸಾರ ಹೂಡುತ್ತದೆ.

ಆ ಮಳೆಗಾಲ ನನಗೆ ವಹಿಸಿದ ಕೆಲಸ ಇಷ್ಟು:
ಕೆರೆಯಂಚಿನ ಕೆಸರಲ್ಲಿ ಜಾಲರಿ ಆಡಿಸಿ
ಏರೋಪ್ಲೇನ್ ಚಿಟ್ಟೆಯ ಮರಿ ಹಿಡಿಯುವುದು,
ಮನೆಮನೆಗೆ ಹೋಗಿ
ಗುಡಾಣಕ್ಕೆ ಎರಡರಂತೆ ಬಿಡುವುದು.
ಎರಡೇ.
ಹೆಚ್ಚಾದರೆ ಒಂದನ್ನೊಂದು ತಿಂದು
ನನ್ನ ಪಟ್ಟಿಯ ಲೆಕ್ಕ ತಪ್ಪುತ್ತದೆ.

ಸೂಜಿಚಿಟ್ಟೆಯ ಮರಿಗಳೂ ಜಾಲರಿಗೆ ಬೀಳುತ್ತಿದ್ದವು:
ನಾರಿನಂಥ ಮೈ, ಬಾಲಕ್ಕೆ ಮೂರು ಎಲೆ,
ಆ ಎಲೆಯಲ್ಲೇ ಉಸಿರು.
ಅವಕ್ಕೂ ಹಸಿವಿದೆ, ಸಣ್ಣ ಹಸಿವು.
ಅವನ್ನು ಮತ್ತೆ ಕೆರೆಗೇ ಬಿಡುತ್ತಿದ್ದೆ.
ಕೆರೆಗೂ ಕಾವಲು ಬೇಕಲ್ಲ.

ಮೂವತ್ತೊಂಬತ್ತನೆಯ ಮನೆ ಡೋ ಫ್ವಾ ಯಿನ್ ಅವರದು.
ಕೆನ್ನೆಗೆ ತನಾಖಾ, ಬಾಯಲ್ಲಿ ಆರಿದ ಚುಟ್ಟಾ,
ಬಾಗಿಲಿಗೆ ಅಡ್ಡ ನಿಂತರು.
"ಕುಡಿಯುವ ನೀರಿಗೆ ಹುಳ ಬಿಡಲು ಸಂಬಳ ಕೊಡುತ್ತಾರೋ?"
"ಸಂಬಳವಿಲ್ಲ ಅಮ್ಮಾ, ಊಟ ಮಾತ್ರ."
"ಯಾರಿಗೆ? ನಿನಗೋ, ಹುಳಕ್ಕೋ?"

ನಕ್ಕು ಒಳಗೆ ಬಿಟ್ಟರು. ಮಾತು ಮುಗಿದಿರಲಿಲ್ಲ.
"ಪಂಚಶೀಲದಲ್ಲಿ ಮೊದಲನೆಯದೇ ಕೊಲ್ಲಬಾರದು ಅಂತ.
ತೋಳಿನ ಮೇಲೆ ಕೂತ ಸೊಳ್ಳೆಯನ್ನು
ಉಫ್ ಎಂದು ಊದಿ ಕಳಿಸುವವಳು ನಾನು.
ನೀನು ನನ್ನ ಗುಡಾಣದೊಳಗೆ
ಕಟುಕನನ್ನು ಸಾಕು ಅನ್ನುತ್ತೀ.
ಪಾಪ ಯಾರ ಖಾತೆಗೆ?"

ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.
ಒಳಗೆ ಚಾಪೆಯ ಮೇಲೆ ಮೊಮ್ಮಗ ಫೋ ಲೋನ್,
ಜ್ವರ ಬಿಟ್ಟು ನಾಲ್ಕು ದಿನ,
ಮೊಣಕೈಯ ಕೆಂಪು ಚುಕ್ಕೆ ಇನ್ನೂ ಮಾಸಿರಲಿಲ್ಲ.
ಇಬ್ಬರೂ ಆ ಕಡೆ ನೋಡಿದೆವು.
ಸ್ವಲ್ಪ ಹೊತ್ತಾದ ಮೇಲೆ
ಅವರೇ ಮುಚ್ಚಳ ಎತ್ತಿದರು.

ಮುಂದಿನ ವಾರ ಗುಡಾಣದ ಪಕ್ಕ ಒಂದು ಮಣೆ,
ಮಣೆಯ ಮೇಲೆ ಟಾರ್ಚು.
"ನಿದ್ದೆ ಬರುವುದಿಲ್ಲ, ನೋಡುತ್ತಾ ಕೂರುತ್ತೇನೆ.
ದವಡೆಯನ್ನು ಗಲ್ಲದಡಿ ಮಡಚಿಟ್ಟುಕೊಂಡಿರುತ್ತಾನೆ ಇವನು,
ಮಹಾ ಸಭ್ಯಸ್ಥ.
ಸೊಳ್ಳೆಮರಿ ಕೊಂಕುತ್ತ ಬಳುಕುತ್ತ ಹತ್ತಿರ ಬಂತೋ,
ಚಾಚಿದ್ದು ಕಾಣುವುದಿಲ್ಲ, ಮಡಚಿದ್ದಷ್ಟೇ ಕಾಣುತ್ತದೆ.
ಹೆದರಿಸಿದರೆ ಹಿಂಬದಿಯಿಂದ ನೀರು ಚಿಮ್ಮಿಸಿ ಓಟ,
ನಾಚಿಕೆಗೆಟ್ಟವನು!"
ಬೈಗುಳದಲ್ಲಿ ಮೊಮ್ಮಗನನ್ನು ಬೈಯುವ ಸಲಿಗೆ.

ನಾನು ಪಟ್ಟಿಯಲ್ಲಿ ಬರೆದೆ: ಸೊಳ್ಳೆಮರಿ, ಸೊನ್ನೆ.
ಹೊರಡುವಾಗ ಗಮನಿಸಿದೆ,
ನೀರಿನಿಂದ ಅಂಚಿನವರೆಗೆ ಓರೆಯಾಗಿ
ಯಾರೋ ಒಂದು ಬಿದಿರಕಡ್ಡಿ ಇಳಿಬಿಟ್ಟಿದ್ದರು.
ಅದನ್ನೂ ನನಗೆ ಹೇಳಿಕೊಟ್ಟಿರಲಿಲ್ಲ.

ಒಂದು ನಸುಕಿಗೆ ಫೋ ಲೋನ್ ಬಂದು ಬಾಗಿಲು ಬಡಿದ.
ಓಡಿದೆವು.
ಕಡ್ಡಿಯ ತುದಿಯಲ್ಲಿ ಬೆನ್ನು ಬಿರಿದಿತ್ತು;
ತನ್ನೊಳಗಿಂದ ತಾನೇ ಹೊರಬಂದು ತಲೆಕೆಳಗೆ ಜೋತು,
ಆಮೇಲೆ ಎದ್ದು ಕೂತು,
ಹಿಂಡಿದ ಬಟ್ಟೆಯಂಥ ರೆಕ್ಕೆಯನ್ನು
ನಿಧಾನ, ಬಹಳ ನಿಧಾನ
ಬಿಚ್ಚಿಕೊಳ್ಳುತ್ತಿತ್ತು.
ಹಿಂದಿನ ರಾತ್ರಿಯವರೆಗೆ ನೀರನ್ನಷ್ಟೇ ಬಲ್ಲ ಜೀವ.

ಬೆಳಕಾಯಿತು. ಒಮ್ಮೆ ನಡುಗಿತು, ಹಾರಿತು.
ಬೇಲಿ ದಾಟುವಷ್ಟರಲ್ಲಿ
ತಂತಿಯ ಮೇಲಿದ್ದ ಕಳ್ಳಿಪೀರ ಚಿಮ್ಮಿ ಬಂದು
ಟಪ್ಪನೆ ಹಿಡಿದು
ಮತ್ತೆ ತಂತಿಗೇ ಹೋಗಿ ಕುಳಿತಿತು.

ಹುಡುಗ ಬಾಯಿ ತೆರೆದವನು ಮುಚ್ಚಲಿಲ್ಲ.
ಡೋ ಫ್ವಾ ಯಿನ್ ಹಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು,
ಖಾತೆಯ ಮಾತು ತುಟಿಯವರೆಗೆ ಬಂದದ್ದು ಕಂಡಿತು.
ಚುಟ್ಟಾ ಹಚ್ಚಿಕೊಂಡರು.

ಕಡ್ಡಿಯಲ್ಲಿ ಖಾಲಿ ಅಂಗಿ
ಆರೂ ಕಾಲಿನಿಂದ ಇನ್ನೂ ಬಿಗಿಯಾಗಿ ಹಿಡಿದಿತ್ತು.
ಅದನ್ನು ಅಲುಗಿಸದೆ, ಪಕ್ಕದಿಂದ
ಬಟ್ಟಲು ಅದ್ದಿ ನನಗೆ ನೀರು ಕೊಟ್ಟರು.
ಕುಡಿದೆ. ತಣ್ಣಗಿತ್ತು.

"ಬರೆದುಕೋ," ಎಂದರು,
"ಒಂದು ಜಾಗ ಖಾಲಿ."